ಎಸ್ಸೆಸ್ಸೆಲ್ಸಿ ಇಂಗ್ಲಿಷ್ ಪ್ಯಾಸೇಜ್ ಓದಿ ಉತ್ತರ ಬರೆಯೋದು ಹೇಗೆ? ಮಕ್ಕಳೂ ಅಪ್ಪ ಅಮ್ಮಂದಿರೂ ಪದೇ ಪದೇ ಕೇಳೋ ಪ್ರಶ್ನೆಗಳು

ಮಂಡ್ಯದಲ್ಲಿ ನಮ್ಮನೆ ವರಾಂಡದಲ್ಲೇ ಸಂಜೆ ಹೊತ್ತು ಒಂಬತ್ತು, ಹತ್ತನೇ ಕ್ಲಾಸ್ ಮಕ್ಕಳಿಗೆ ಇಂಗ್ಲಿಷ್ ಹೇಳ್ಕೊಡ್ತೀನಿ. ಮುಕ್ಕಾಲು ಪಾಲು ಕನ್ನಡ ಮೀಡಿಯಂ ಮಕ್ಕಳು, ಸುತ್ತಮುತ್ತಲ ಹಳ್ಳಿಗಳಿಂದ ಬಸ್ಸಲ್ಲಿ ಬಂದು ಹೋಗೋರೂ ಇದಾರೆ. ಜನವರಿ ಬಂತು ಅಂದ್ರೆ ಫೋನಿಗೆ ಬಿಡುವೇ ಇರಲ್ಲ, ಮೈಸೂರಿಂದ, ಮದ್ದೂರಿಂದ, ಪಾಂಡವಪುರದಿಂದ ಎಲ್ಲಾ ಕಡೆಯಿಂದ ಅದೇ ಪ್ರಶ್ನೆಗಳು: ಮಿಸ್, ಪಾಠದ ಪ್ರಶ್ನೆ ಆದ್ರೆ ಬಾಯಿಪಾಠ ಮಾಡ್ಕೊಂಡು ಬರೀತೀವಿ, ಈ ಪ್ಯಾಸೇಜ್ ಮಾತ್ರ ಏನು ಮಾಡಿದ್ರೂ ಆಗ್ತಿಲ್ಲ. ಒಬ್ಬೊಬ್ಬರಿಗೂ ವಾಯ್ಸ್ ಮೆಸೇಜ್ ಕಳಿಸೋ ಬದಲು ಎಲ್ಲಾ ಒಂದೇ ಕಡೆ ಬರೆದಿಡೋಣ ಅನ್ನಿಸ್ತು. ಉದ್ದ ಆಗಿದೆ, ನಿಮಗೆ ಬೇಕಾದ ಪ್ರಶ್ನೆ ಹುಡುಕ್ಕೊಂಡು ಓದಿ. ಒಂದೇ ಒಂದು ಓದೋಷ್ಟು ಟೈಮ್ ಇದ್ರೆ ರಂಗನತಿಟ್ಟಿನ ಪ್ಯಾಸೇಜ್ ಇರೋ ಉತ್ತರ ಓದಿ.

ಪ್ಯಾಸೇಜ್‌ಗೆ ಇರೋದೇ ನಾಲ್ಕು ಮಾರ್ಕ್ಸ್, ಅದಕ್ಕೆ ಇಷ್ಟೊಂದು ಒದ್ದಾಡ್ಬೇಕಾ ಮಿಸ್?

ಎಸ್ಸೆಸ್ಸೆಲ್ಸಿಲಿ ಇಂಗ್ಲಿಷ್ ಸೆಕೆಂಡ್ ಲ್ಯಾಂಗ್ವೇಜ್ ಆಗಿ ತಗೊಂಡೋರಿಗೆ 80 ಮಾರ್ಕ್ಸ್ ಪೇಪರ್, 20 ಇಂಟರ್ನಲ್. ಈಚಿನ ವರ್ಷಗಳ ಪೇಪರ್ ತೆಗೆದು ನೋಡಿದ್ರೆ ಅನ್‌ಸೀನ್ ಪ್ಯಾಸೇಜ್‌ಗೆ, ಅಂದ್ರೆ ಪುಸ್ತಕದಲ್ಲಿಲ್ಲದ, ಮೊದಲ ಸಲ ನೋಡೋ ಪ್ಯಾಸೇಜ್‌ಗೆ, ನಾಲ್ಕೇ ಮಾರ್ಕ್ಸ್ ಇರೋದು ನಿಜ. ಆದ್ರೆ ಅದೇ ಪೇಪರಲ್ಲಿ ಪಾಠದಿಂದ ಎರಡು ಸಾಲು ಕೊಟ್ಟು ಇದನ್ನ ಯಾರು ಯಾರಿಗೆ ಹೇಳಿದ್ರು, ಯಾಕೆ ಹೇಳಿದ್ರು ಅಂತ ಕೇಳೋ ಮೂರು ಮೂರು ಮಾರ್ಕ್ಸಿನ ಪ್ರಶ್ನೆಗಳೂ ಇರ್ತವೆ. ಅವು ಏನು? ಅವೂ ಓದಿ ಅರ್ಥ ಮಾಡ್ಕೊಳ್ಳೋದೇ ತಾನೆ. ಅಷ್ಟೇ ಅಲ್ಲ, ಪ್ರಶ್ನೆ ಏನು ಕೇಳಿದೆ ಅಂತ ಗೊತ್ತಾಗದೆ, ಬಾಯಿಗೆ ಬರೋ ಪದ್ಯದ ಸಮ್ಮರಿಯನ್ನ ತಪ್ಪು ಪ್ರಶ್ನೆಗೆ ಬರೆದು ಬಂದ ಮಕ್ಕಳನ್ನ ನಾನು ಪ್ರತಿ ವರ್ಷ ನೋಡ್ತೀನಿ. ಹಂಗಾಗಿ ಇದು ನಾಲ್ಕು ಮಾರ್ಕ್ಸಿನ ಲೆಕ್ಕ ಅಲ್ಲ, ಪೂರ್ತಿ ಪೇಪರಿನ ಲೆಕ್ಕ. ಪಿಯುಸಿಲಿ ಸೈನ್ಸ್ ತಗೊಂಡ್ರಂತೂ ಟೆಕ್ಸ್ಟ್‌ಬುಕ್ ಹೆಚ್ಚುಕಮ್ಮಿ ಇಂಗ್ಲಿಷಲ್ಲೇ, ಅಲ್ಲಿ ಓದಿ ಹೇಳೋಕೆ ಪಕ್ಕದಲ್ಲಿ ಯಾರೂ ಕೂತಿರಲ್ಲ.

ಪೇಪರ್ ಪ್ಯಾಟರ್ನ್ ಆಗಾಗ ಸ್ವಲ್ಪ ಬದಲಾಗುತ್ತೆ, ಆ ವರ್ಷದ ಬ್ಲೂಪ್ರಿಂಟನ್ನ, ಅಂದ್ರೆ ಯಾವ ಭಾಗಕ್ಕೆ ಎಷ್ಟು ಮಾರ್ಕ್ಸ್ ಅನ್ನೋ ಪಟ್ಟಿನ, ಬೋರ್ಡಿನ ವೆಬ್‌ಸೈಟಲ್ಲಿ ಒಂದ್ಸಲ ನೋಡ್ಕೊಂಡ್ಬಿಡಿ.

ಪದಗಳ ಅರ್ಥನೇ ಗೊತ್ತಿಲ್ಲ, ಇನ್ನು ಓದೋದು ಹೆಂಗೆ?

ಇದನ್ನ ಕೇಳ್ದೆ ಇರೋ ಮಗುನೇ ಇಲ್ಲ. ನಾನು ಒಂದು ಕೆಲಸ ಮಾಡಿಸ್ತೀನಿ. ಪ್ಯಾಸೇಜ್ ಕೊಟ್ಟು, ಗೊತ್ತಿಲ್ಲದ ಪದದ ಕೆಳಗೆ ಪೆನ್ಸಿಲ್ ಗೆರೆ ಹಾಕು ಅಂತೀನಿ. ಅರ್ಧ ಪೇಜ್ ಪೂರ್ತಿ ಗೆರೆ ಬಿದ್ದಿರುತ್ತೆ ಅಂತ ಅವರೂ ಅನ್ಕೊಂಡಿರ್ತಾರೆ, ಎಣಿಸಿದ್ರೆ ಎಂಟೋ ಹತ್ತೋ ಇರುತ್ತೆ. ಆಮೇಲೆ ಪ್ರಶ್ನೆ ನೋಡು, ಆ ಹತ್ತರಲ್ಲಿ ಯಾವ್ದು ಗೊತ್ತಾಗದೆ ಇದ್ರೆ ಉತ್ತರ ಬರೆಯೋಕೆ ಆಗಲ್ಲ ಹೇಳು ಅಂದ್ರೆ ಒಂದೋ ಎರಡೋ ಉಳಿಯುತ್ತೆ. ಮಿಕ್ಕಿದ್ದೆಲ್ಲ ಒಂದು ಮರದ ಹೆಸರು, ಒಂದು ಊರಿನ ಹೆಸರು, ಅಥವಾ ಬಣ್ಣನೆ ಮಾಡೋ ಪದ. ಅದನ್ನ ಬಿಟ್ಟು ಮುಂದೆ ಹೋದ್ರೆ ಏನೂ ನಷ್ಟ ಇಲ್ಲ.

ಉಳಿದ ಆ ಒಂದೆರಡು ಪದನ ಅಕ್ಕಪಕ್ಕದ ಸಾಲಿಂದ ಊಹೆ ಮಾಡ್ಬೇಕು. ನಾವು ಕನ್ನಡದಲ್ಲಿ ದಿನಾ ಮಾಡೋದು ಇದೇ ಅಲ್ವಾ. ಹುಬ್ಬಳ್ಳಿ ಕಡೆಯೋರು ಮಾತಾಡೋದು ಕೇಳಿದ್ರೆ ನಾಲ್ಕು ಪದ ನಮಗೆ ಗೊತ್ತಿರಲ್ಲ, ಆದ್ರೂ ಮಾತು ಅರ್ಥ ಆಗುತ್ತೆ, ಯಾರೂ ಡಿಕ್ಷನರಿ ತೆಗೆಯಲ್ಲ.

ಆದ್ರೆ ಒಂದು ಗುಂಪು ಪದಗಳನ್ನ ಮಾತ್ರ ಊಹೆ ಮೇಲೆ ಬಿಡಬೇಡಿ. ಅವು ನೋಡೋಕೆ ಪುಟ್ಟ ಪದಗಳು, ವಾಕ್ಯದ ಅರ್ಥನೇ ತಿರುಗಿಸಿಬಿಡ್ತವೆ. ಅನ್‌ಲೆಸ್, ಆಲ್ದೋ, ಎಕ್ಸೆಪ್ಟ್, ಇನ್‌ಸ್ಟೆಡ್ ಆಫ್, ಅಂಟಿಲ್, ಯೆಟ್, ನೈದರ್, ಹಾರ್ಡ್‌ಲಿ, ಇಂಥವು. ಹೋದ ಸಲ ಒಂದು ಪ್ಯಾಸೇಜಲ್ಲಿ 'ದ ಓಲ್ಡ್ ಮ್ಯಾನ್ ಹಾರ್ಡ್‌ಲಿ ಏಟ್ ಎನಿಥಿಂಗ್' ಅಂತ ಇತ್ತು. ಒಂದು ಹುಡುಗಿ, ಬಹಳ ಚುರುಕು ಹುಡುಗಿ, ಹಾರ್ಡ್ ಅಂದ್ರೆ ಕಷ್ಟ ಅಂತ ಅವಳಿಗೆ ಗೊತ್ತು, ಹಂಗಾಗಿ ಅಜ್ಜ ಕಷ್ಟಪಟ್ಟು ಏನೋ ತಿಂದ ಅಂತ ಅರ್ಥ ಮಾಡ್ಕೊಂಡು, ಅದರ ಮೇಲೆ ನಾಲ್ಕು ಸಾಲು ಒಂದೂ ಸ್ಪೆಲ್ಲಿಂಗ್ ತಪ್ಪಿಲ್ಲದೆ ಬರೆದಿದ್ಳು. ಅಜ್ಜ ಏನೂ ತಿಂದೇ ಇರಲಿಲ್ಲ ಅನ್ನೋಷ್ಟು ಕಮ್ಮಿ ತಿಂದಿದ್ದ, ಅದು ಅಲ್ಲಿರೋ ಮಾತು. ಅವಳ ಇಂಗ್ಲಿಷಲ್ಲಿ ತಪ್ಪಿಲ್ಲ, ಒಂದು ಪದದಿಂದ ಪೂರ್ತಿ ಉತ್ತರ ಉಲ್ಟಾ. ಅವತ್ತಿಂದ ಈ ತರ ಪದಗಳನ್ನ ಒಂದು ಇಪ್ಪತ್ತು ಬರೆಸಿ, ಪ್ರತಿಯೊಂದಕ್ಕೂ ಕನ್ನಡದ ಒಂದು ವಾಕ್ಯ ಬರೆಸಿ, ನೋಟ್‌ಬುಕ್ ಹಿಂದಿನ ರಟ್ಟಿಗೆ ಅಂಟಿಸ್ತೀನಿ. ಅನ್‌ಲೆಸ್ ಪಕ್ಕದಲ್ಲಿ 'ಮಳೆ ಬರದೆ ಇದ್ರೆ ನಾಟಿ ಆಗಲ್ಲ' ಅಂತ ಬರ್ಕೊಂಡ ಹುಡುಗ ಆಮೇಲೆ ಅದನ್ನ ಮರೆತಿದ್ದು ನಾನು ನೋಡಿಲ್ಲ.

ಎಲ್ಲಾ ಪದಾನೂ ಗೊತ್ತು ಮಿಸ್, ಆದ್ರೂ ವಾಕ್ಯ ಅರ್ಥ ಆಗಲ್ಲ. ಯಾಕೆ ಹಿಂಗೆ?

ನನ್ನ ಪ್ರಕಾರ ಮುಖ್ಯವಾದ ಪ್ರಶ್ನೆ ಇದೇ, ಕೇಳೋರು ಮಾತ್ರ ಕಮ್ಮಿ. ಕನ್ನಡದಲ್ಲಿ ಕ್ರಿಯಾಪದ ಕೊನೇಲಿ ಬರುತ್ತೆ. ನಾವು ವಾಕ್ಯದ ಕೊನೆವರೆಗೂ ಕಾಯ್ತೀವಿ, ಅಲ್ಲಿ ಹೋದಾಗ ವಿಷಯ ಗೊತ್ತಾಗುತ್ತೆ. ಇಂಗ್ಲಿಷಲ್ಲಿ ಯಾರು, ಏನು ಮಾಡಿದ್ರು ಅನ್ನೋದು ಮೊದಲೇ ಬಂದುಬಿಡುತ್ತೆ, ಎಲ್ಲಿ, ಯಾವಾಗ, ಯಾಕೆ ಅನ್ನೋದು ಬಾಲದ ತರ ಹಿಂದೆ ಬರುತ್ತೆ. ನಮ್ಮ ಮಕ್ಕಳು ಅಭ್ಯಾಸಬಲದಿಂದ ಬಾಲನ ಗಟ್ಟಿಯಾಗಿ ಹಿಡ್ಕೊಂಡು ತಲೆನ ಬಿಟ್ಟಿರ್ತಾರೆ.

ಇನ್ನೊಂದು ಇದಕ್ಕಿಂತ ದೊಡ್ಡ ತೊಡಕು. 'ಸೇತುವೆ ಹತ್ರ ಎಳನೀರು ಮಾರ್ತಿದ್ದ ಹುಡುಗ ಅಳ್ತಿದ್ದ' ಅಂತೀವಿ ನಾವು. ಎಂಥ ಹುಡುಗ ಅನ್ನೋದು ಮೊದಲು, ಹುಡುಗ ಆಮೇಲೆ. ಇಂಗ್ಲಿಷಲ್ಲಿ 'ದ ಬಾಯ್ ಹೂ ಸೋಲ್ಡ್ ಟೆಂಡರ್ ಕೋಕೋನಟ್ಸ್ ನಿಯರ್ ದ ಬ್ರಿಡ್ಜ್ ವಾಸ್ ಕ್ರೈಯಿಂಗ್'. ಹುಡುಗ ಮೊದಲು ಬಂದ, ಅವನ ವಿಷಯ ಆಮೇಲೆ ಬಂತು, ಅವನು ಅಳ್ತಿದ್ದಿದ್ದು ಇನ್ನೂ ಆಮೇಲೆ. ಮಕ್ಕಳು ಎರಡು ಕಡೆ ಎಡವ್ತಾರೆ. ಒಂದು, ಹೂ ಅಂದ್ರೆ ಯಾರು ಅಂತ ಕಲ್ತಿರ್ತಾರೆ, ಹಂಗಾಗಿ ಇಲ್ಲೇನೋ ಪ್ರಶ್ನೆ ಕೇಳಿದಾರೆ ಅನ್ಕೋತಾರೆ. ಎರಡು, ವಾಸ್ ಕ್ರೈಯಿಂಗ್ ಪಕ್ಕದಲ್ಲಿ ಬ್ರಿಡ್ಜ್ ಇದೆ, ಹುಡುಗ ಎಲ್ಲೋ ದೂರದಲ್ಲಿದಾನೆ, ಅಳೋದಕ್ಕೂ ಹುಡುಗನಿಗೂ ಕೊಂಡಿ ಸಿಗಲ್ಲ.

ಇದಕ್ಕೆ ಮದ್ದು ಪೆನ್ಸಿಲ್. ಹೂ, ವಿಚ್, ದಟ್, ವೇರ್ ಇಂಥ ಪದ ವಾಕ್ಯದ ನಡುವೆ ಕಂಡ ತಕ್ಷಣ ಅಲ್ಲಿಂದ ಶುರು ಮಾಡಿ ಆ ತುಂಡು ಮುಗಿಯೋವರೆಗೂ ತೆಳ್ಳಗೆ ಒಂದು ಕಂಸ ಹಾಕಿ. ಕಂಸದ ಒಳಗಿರೋದನ್ನ ಬೆರಳಿಂದ ಮುಚ್ಚಿ. ಉಳಿಯೋದು 'ದ ಬಾಯ್ ವಾಸ್ ಕ್ರೈಯಿಂಗ್'. ಮೊದಲು ಇದನ್ನ ಅರ್ಥ ಮಾಡ್ಕೊಳ್ಳಿ, ಆಮೇಲೆ ಬೆರಳು ತೆಗೆದು ಎಂಥ ಹುಡುಗ ಅಂತ ಓದಿ. ಒಂದು ತಿಂಗಳು ಹಿಂಗೆ ಮಾಡಿದ್ರೆ ಆಮೇಲೆ ಪೆನ್ಸಿಲ್ಲೂ ಬೇಡ, ಕಣ್ಣೇ ಕಂಸ ಹಾಕ್ಕೊಳ್ಳುತ್ತೆ. ಸರ್ಕಾರಿ ಶಾಲೆಗಳಲ್ಲಿ 2007ರಿಂದ ಒಂದನೇ ಕ್ಲಾಸಿಂದಲೇ ಇಂಗ್ಲಿಷ್ ಹೇಳ್ಕೊಡ್ತಿದಾರೆ, ಹತ್ತನೇ ಕ್ಲಾಸಿಗೆ ಬರೋ ಹೊತ್ತಿಗೆ ಮಗು ಹತ್ತು ವರ್ಷ ಇಂಗ್ಲಿಷ್ ಓದಿರುತ್ತೆ, ಆದ್ರೂ ಈ ಒಂದು ವ್ಯತ್ಯಾಸನ ಬಾಯಿಬಿಟ್ಟು ಯಾರೂ ಹೇಳಿರಲ್ಲ ಅನ್ನೋದು ನನಗೆ ನಿಜವಾಗ್ಲೂ ಬೇಜಾರಿನ ವಿಷಯ. ಹೇಳಿದ್ರೆ ಐದು ನಿಮಿಷದ ಕೆಲಸ.

ಒಂದು ಪ್ಯಾಸೇಜ್ ಹಿಡ್ಕೊಂಡು ಮಾಡಿ ತೋರಿಸ್ತೀರಾ?

ಖಂಡಿತ. ನಮ್ಮ ಪಕ್ಕದ್ದೇ ತಗೊಳ್ಳೋಣ, ರಂಗನತಿಟ್ಟು. ನಾನೇ ಬರೆದಿರೋ ಮೂರು ವಾಕ್ಯ, ಕನ್ನಡ ಅಕ್ಷರದಲ್ಲೇ ಕೊಡ್ತಿದೀನಿ, ನೀವು ನೋಟ್‌ಬುಕ್ಕಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಬರ್ಕೊಳ್ಳಿ, ಅದೂ ಒಂದು ಅಭ್ಯಾಸ ಆಗುತ್ತೆ.

'ರಂಗನತಿಟ್ಟು ಲೈಸ್ ಆನ್ ದ ಕಾವೇರಿ ನಿಯರ್ ಶ್ರೀರಂಗಪಟ್ಟಣ. ಇಟ್ಸ್ ಸ್ಮಾಲ್ ಐಲೆಂಡ್ಸ್ ವರ್ ಫಾರ್ಮ್ಡ್ ವೆನ್ ಎ ಸ್ಮಾಲ್ ಡ್ಯಾಮ್ ವಾಸ್ ಬಿಲ್ಟ್ ಅಕ್ರಾಸ್ ದ ರಿವರ್. ಸಲೀಂ ಅಲಿ, ಹೂ ಹ್ಯಾಡ್ ಸೀನ್ ಬರ್ಡ್ಸ್ ನೆಸ್ಟಿಂಗ್ ದೇರ್, ಪರ್ಸ್ವೇಡೆಡ್ ದ ಮಹಾರಾಜ ಆಫ್ ಮೈಸೂರ್ ಟು ಡಿಕ್ಲೇರ್ ಇಟ್ ಎ ಬರ್ಡ್ ಸ್ಯಾಂಕ್ಚುರಿ ಇನ್ 1940.'

ಮೊದಲ ಪ್ರಶ್ನೆ: ಹೌ ವರ್ ದ ಐಲೆಂಡ್ಸ್ ಫಾರ್ಮ್ಡ್? ಇದು ಸಲೀಸು, ಎರಡನೇ ವಾಕ್ಯದ ಮೇಲೆ ಬೆರಳಿಡಿ. ಹೊಳೆಗೆ ಅಡ್ಡ ಒಂದು ಕಟ್ಟೆ ಕಟ್ಟಿದಾಗ ಆ ತಿಟ್ಟುಗಳು ಆದ್ವು.

ಎರಡನೇ ಪ್ರಶ್ನೆ: ಹೂ ಡಿಕ್ಲೇರ್ಡ್ ಇಟ್ ಎ ಸ್ಯಾಂಕ್ಚುರಿ? ಹತ್ತು ಮಕ್ಕಳಿಗೆ ಕೊಟ್ರೆ ಏಳು ಜನ ಸಲೀಂ ಅಲಿ ಅಂತ ಬರೀತಾರೆ. ಯಾಕಂದ್ರೆ ವಾಕ್ಯ ಅವರ ಹೆಸರಿಂದ ಶುರು ಆಗಿದೆ, ಪಕ್ಷಿಗಳ ವಿಷಯ ಅಂದ್ರೆ ಅವರ ಹೆಸರು ಎಲ್ಲೋ ಕೇಳಿದ ನೆನಪೂ ಇರುತ್ತೆ. ಈಗ ಕಂಸ ಹಾಕಿ. ಹೂ ಇಂದ ದೇರ್ ವರೆಗೂ ಮುಚ್ಚಿ. ಸಲೀಂ ಅಲಿ ಪರ್ಸ್ವೇಡೆಡ್ ದ ಮಹಾರಾಜ, ಅಂದ್ರೆ ಸಲೀಂ ಅಲಿ ಮಹಾರಾಜರನ್ನ ಒಪ್ಪಿಸಿದ್ರು. ಯಾತಕ್ಕೆ? ಟು ಡಿಕ್ಲೇರ್, ಘೋಷಣೆ ಮಾಡೋಕೆ. ಘೋಷಣೆ ಮಾಡಿದ್ದು ಮಹಾರಾಜರು, ಹೇಳಿ ಒಪ್ಪಿಸಿದ್ದು ಸಲೀಂ ಅಲಿ. ಪರ್ಸ್ವೇಡ್ ಪದ ಗೊತ್ತಿಲ್ದೆ ಇದ್ರೂ ಪರವಾಗಿಲ್ಲ, ಒಬ್ಬರು ಇನ್ನೊಬ್ಬರಿಗೆ ಏನೋ ಮಾಡ್ದಾಗ, ಅದರ ಮುಂದೆ ಟು ಬಂದ್ರೆ, ಆ ಟು ಮುಂದಿನ ಕೆಲಸ ಎರಡನೇ ಮನುಷ್ಯಂದು ಅಂತ ಇಟ್ಕೊಳ್ಳಿ. 'ಅಮ್ಮ ಟೋಲ್ಡ್ ಮಿ ಟು ಗೋ', ಹೋಗೋದು ನಾನು, ಅಮ್ಮ ಅಲ್ಲ. ಪ್ರಾಮಿಸ್ ತರ ಒಂದೆರಡು ಪದದಲ್ಲಿ ಮಾತ್ರ ಇದು ನಡೆಯಲ್ಲ, ಅದನ್ನ ಆಮೇಲೆ ಕಲ್ತ್ರೆ ಸಾಕು.

ಮೂರನೇ ಪ್ರಶ್ನೆ: ವೈ ಡಿಡ್ ಸಲೀಂ ಅಲಿ ವಾಂಟ್ ಎ ಸ್ಯಾಂಕ್ಚುರಿ ದೇರ್? ಇಲ್ಲಿ ಎಲ್ಲಾರೂ ಬಿಕಾಸ್ ಹುಡುಕ್ತಾರೆ, ಪ್ಯಾಸೇಜಲ್ಲಿ ಬಿಕಾಸ್ ಇಲ್ಲ. ಉತ್ತರ ಇಲ್ಲ ಮಿಸ್ ಅಂತ ಪೆನ್ ಕೆಳಗಿಟ್ಬಿಡ್ತಾರೆ. ಈಗ ಮುಚ್ಚಿದ್ದ ಬೆರಳು ತೆಗೀರಿ. ಅಲ್ಲಿ ಹಕ್ಕಿಗಳು ಗೂಡು ಕಟ್ಟೋದನ್ನ ಅವರು ನೋಡಿದ್ರು. ಅದೇ ಕಾರಣ. ಕಾರಣ ಯಾವಾಗ್ಲೂ ಬಿಕಾಸ್ ಅನ್ನೋ ಬೋರ್ಡ್ ಹಾಕ್ಕೊಂಡು ನಿಂತಿರಲ್ಲ, ಹಿಂಗೆ ಕಂಸದ ಒಳಗೆ ಕೂತಿರುತ್ತೆ.

ಇನ್ನು ಡಿಕ್ಲೇರ್ ಇಟ್ ಅಂದಾಗ ಆ ಇಟ್ ಯಾವುದು? ಹೊಳೆಯಾ, ಕಟ್ಟೆಯಾ, ರಂಗನತಿಟ್ಟಾ? ಇಟ್, ದೇ, ದಿಸ್, ದೋಸ್ ಬಂದ ಕಡೆಯೆಲ್ಲ ಒಂದು ಬಾಣದ ಗುರುತು ಹಾಕಿ ಅದು ಯಾರನ್ನ ತೋರಿಸ್ತಿದೆಯೋ ಆ ಪದದವರೆಗೂ ಎಳೀರಿ. ನಮ್ಮ ಮಕ್ಕಳ ಪ್ಯಾಸೇಜ್ ಹಾಳೆ ನೋಡಿದ್ರೆ ಬಾಣಗಳೇ ತುಂಬಿರ್ತವೆ, ನನಗೆ ಅದನ್ನ ನೋಡಿದ್ರೆ ಖುಷಿ.

ಮೊದಲು ಪ್ರಶ್ನೆ ಓದ್ಬೇಕಾ, ಪ್ಯಾಸೇಜ್ ಓದ್ಬೇಕಾ?

ಮೊದಲು ಪ್ರಶ್ನೆ, ಒಂದೇ ಸಲ, ಏನು ಹುಡುಕ್ಬೇಕು ಅಂತ ಗೊತ್ತಾಗೋಕೆ. ಆಮೇಲೆ ಪ್ಯಾಸೇಜನ್ನ ಪೂರ್ತಿ. ಪ್ರಶ್ನೇಲಿರೋ ಪದ ಪ್ಯಾಸೇಜಲ್ಲಿ ಎಲ್ಲಿದೆ ಅಂತ ಹುಡುಕಿ ಆ ಸಾಲು ಎತ್ತಿ ಬರೆಯೋ ಅಡ್ಡದಾರಿನ ಕೆಲವರು ಹೇಳ್ಕೊಡ್ತಾರೆ, ನಾನು ಓದೋ ಕಾಲದಲ್ಲಿ ನನಗೂ ಹಂಗೇ ಹೇಳ್ಕೊಟ್ಟಿದ್ರು, ಕಾಲೇಜಿಗೆ ಹೋದ ಮೇಲೆ ಒಂದು ಪೇಜ್ ಸ್ವಂತ ಓದೋಕೆ ಬರಲ್ಲ ಅಂತ ಗೊತ್ತಾದಾಗ ಬಹಳ ಸಂಕಟ ಪಟ್ಟಿದೀನಿ. ಆ ದಾರಿ ಬೇಡ. ಮೇಲಿನ ಎರಡನೇ ಪ್ರಶ್ನೆಗೆ ಡಿಕ್ಲೇರ್ ಪದ ಹುಡುಕಿ ಆ ಸಾಲು ಎತ್ತಿದ್ರೆ ಸಲೀಂ ಅಲಿ ಅಂತಲೇ ಉತ್ತರ ಬರೋದು.

ಮನಸ್ಸಲ್ಲೇ ಕನ್ನಡಕ್ಕೆ ತರ್ಜುಮೆ ಮಾಡ್ಕೊಂಡು ಓದಿದ್ರೆ ತಪ್ಪಾ? ಇಂಗ್ಲಿಷಲ್ಲೇ ಯೋಚನೆ ಮಾಡ್ಬೇಕು ಅಂತಾರಲ್ಲ?

ತಪ್ಪೇನಿಲ್ಲ. ಕನ್ನಡದಲ್ಲಿ ಯೋಚನೆ ಮಾಡೋ ಮಗು ಕನ್ನಡದಲ್ಲೇ ಅರ್ಥ ಮಾಡ್ಕೊಳ್ಳೋದು, ಅದರಲ್ಲಿ ನಾಚಿಕೆ ಪಡೋಕೇನಿದೆ. ಪದ ಪದಕ್ಕೆ ತರ್ಜುಮೆ ಮಾಡಬೇಡಿ ಅಷ್ಟೇ, ಒಂದು ವಾಕ್ಯ ಪೂರ್ತಿ ಓದಿ, ತಲೆ ಎತ್ತಿ, ಮನೇಲಿ ತಂಗಿಗೆ ಹೇಳೋ ತರ ಕನ್ನಡದಲ್ಲಿ ಒಂದ್ಸಲ ಹೇಳಿ. ಹೇಳೋಕೆ ಬಂತು ಅಂದ್ರೆ ಅರ್ಥ ಆಗಿದೆ. ನಮ್ಮ ವರಾಂಡದಲ್ಲಿ ಪ್ಯಾಸೇಜ್ ಕ್ಲಾಸ್ ಅಂದ್ರೆ ಅರ್ಧ ಹೊತ್ತು ಕನ್ನಡದ ಮಾತೇ ಕೇಳ್ಸೋದು.

ಗಟ್ಟಿಯಾಗಿ ಓದ್ಬೇಕಾ?

ಉಚ್ಚಾರಣೆಗೆ ಒಳ್ಳೇದು, ದಿನಾ ಹತ್ತು ನಿಮಿಷ ಓದ್ಲಿ. ಅರ್ಥ ಮಾಡ್ಕೊಳ್ಳೋಕೆ ಓದೋವಾಗ ಮಾತ್ರ ಮನಸ್ಸಲ್ಲೇ, ನಿಧಾನಕ್ಕೆ. ಗಟ್ಟಿಯಾಗಿ ಓದೋ ಮಗು ಬಹಳ ಸಲ ತನ್ನ ದನಿ ಕೇಳ್ಕೊಳ್ತಿರುತ್ತೆ, ವಿಷಯ ಅಲ್ಲ.

ಉತ್ತರನ ಪ್ಯಾಸೇಜಿಂದಲೇ ಎತ್ತಿ ಬರೀಬಹುದಾ, ಸ್ವಂತ ವಾಕ್ಯನೇ ಬೇಕಾ?

ಬೇಕಾದಷ್ಟೇ ತುಂಡು ಎತ್ತಿ, ಪ್ರಶ್ನೆಗೆ ಹೊಂದೋ ತರ ತಿರುಗಿಸಿ ಬರೆದ್ರೆ ಸಾಕು. ಮೂರು ಸಾಲು ಹಂಗೇ ಇಳಿಸಿದ್ರೆ ಪೇಪರ್ ನೋಡೋರಿಗೆ ಈ ಮಗುಗೆ ಉತ್ತರ ಯಾವ್ದು ಅಂತ ಗೊತ್ತಿಲ್ಲ, ಎಲ್ಲಾ ಸುರಿದಿದೆ ಅಂತ ತಿಳಿಯುತ್ತೆ. ವಾಕ್ಯ ಶುರು ಮಾಡೋಕೆ ಪ್ರಶ್ನೆನೇ ಬಳಸ್ಕೊಳ್ಳಿ. ಹೌ ವರ್ ದ ಐಲೆಂಡ್ಸ್ ಫಾರ್ಮ್ಡ್ ಅಂತ ಕೇಳಿದ್ರೆ 'ದ ಐಲೆಂಡ್ಸ್ ವರ್ ಫಾರ್ಮ್ಡ್ ವೆನ್' ಅಂತ ಶುರು ಮಾಡಿದ್ರೆ ಅರ್ಧ ಉತ್ತರ ಆಗಲೇ ಆಯ್ತು, ಗ್ರಾಮರೂ ಸರಿ ಇರುತ್ತೆ. ಡಿಡ್ ಇರೋ ಪ್ರಶ್ನೆಲಿ ಮಾತ್ರ ಹುಷಾರು, ಉತ್ತರದಲ್ಲಿ ಡಿಡ್ ಹೋಗಿ ಕ್ರಿಯಾಪದ ಪಾಸ್ಟ್ ಟೆನ್ಸಿಗೆ ಬರ್ಬೇಕು. ವೈ ಡಿಡ್ ಹಿ ಗೋ ಅಂದ್ರೆ ಹಿ ವೆಂಟ್ ಬಿಕಾಸ್ ಅಂತ. ಹಿ ಡಿಡ್ ಗೋ ಬಿಕಾಸ್ ಅಂತ ಬರೆಯೋರು ಬಹಳ.

ಎರಡು ಮಾರ್ಕ್ಸಿನ ಪ್ರಶ್ನೆಗೆ ಸಾಮಾನ್ಯವಾಗಿ ಎರಡು ಅಂಶ ಬೇಕಾಗುತ್ತೆ. ಒಂದೇ ಬರೆದು ನಿಲ್ಲಿಸಬೇಡಿ, ಇನ್ನೊಂದು ಎಲ್ಲಿದೆ ಅಂತ ಮತ್ತೆ ಪ್ಯಾಸೇಜಿಗೆ ಹೋಗಿ.

ಪ್ಯಾಸೇಜಲ್ಲಿ ಇಲ್ಲದೇ ಇರೋದನ್ನೂ ಕೇಳ್ತಾರಲ್ಲ, ಅದಕ್ಕೇನು ಮಾಡೋದು?

ನೇರವಾಗಿ ಬರೆದಿರಲ್ಲ, ಆದ್ರೆ ಸುಳಿವು ಇರುತ್ತೆ. 'ಅವಳು ಬಾಗಿಲ ಕಡೆ ಮತ್ತೆ ಮತ್ತೆ ನೋಡ್ತಿದ್ಳು, ಕಾಫಿ ಆರಿ ಹೋಗಿತ್ತು' ಅಂತ ಕನ್ನಡದಲ್ಲಿ ಓದಿದ್ರೆ ಯಾರಿಗೋ ಕಾಯ್ತಿದಾಳೆ ಅಂತ ಯಾರಾದ್ರೂ ಹೇಳ್ತಾರೆ, ಕಾಯ್ತಿದ್ಳು ಅನ್ನೋ ಪದ ಅಲ್ಲಿಲ್ಲ. ಅಷ್ಟೇ ಇದು. ಏನೇ ಊಹೆ ಮಾಡಿದ್ರೂ ಯಾವ ಪದ ನೋಡಿ ಹಂಗೆ ಅಂದೆ ಅಂತ ಬೆರಳಿಟ್ಟು ತೋರಿಸೋಕೆ ಬರ್ಬೇಕು, ಬರ್ಲಿಲ್ಲ ಅಂದ್ರೆ ಅದು ನಿಮ್ಮ ಸ್ವಂತ ಕತೆ. ನಿಮಗೆ ಹೊರಗಿಂದ ಗೊತ್ತಿರೋ ವಿಷಯನೂ ತರಬೇಡಿ. ಕೆಆರ್‌ಎಸ್ ಬಗ್ಗೆ ಪ್ಯಾಸೇಜ್ ಬಂತು ಅಂದ್ರೆ ಮಂಡ್ಯದ ಮಕ್ಕಳು ಕೇಳದೆ ಇದ್ರೂ 124.80 ಅಡಿ ಅಂತ ಬರೆದುಬಿಡ್ತಾರೆ, ನೀರಿನ ಮಟ್ಟ ಮನೇಲಿ ದಿನಾ ಕೇಳಿ ಬೆಳೆದಿರೋದಲ್ವಾ. ಮಾಹಿತಿ ಸರಿ ಇರಬಹುದು, ಕೇಳಿದ್ದಕ್ಕೆ ಅದು ಉತ್ತರ ಅಲ್ಲ.

ನಮ್ಮ ಮಗ ಮೈಸೂರಲ್ಲಿ ಸಿಬಿಎಸ್‌ಇ. ಅವನಿಗೂ ಇದೇನಾ?

ಓದೋ ರೀತಿ ಇದೇ, ತೂಕ ಜಾಸ್ತಿ. ಸಿಬಿಎಸ್‌ಇ ಹತ್ತನೇ ಕ್ಲಾಸಲ್ಲಿ 80ರ ಪೇಪರಿಗೆ ಓದೋ ಭಾಗಕ್ಕೇ 20 ಮಾರ್ಕ್ಸ್, ಎರಡು ಪ್ಯಾಸೇಜ್, ಹತ್ತು ಹತ್ತು. ಒಂದು ಉದ್ದದ್ದು, 400ರಿಂದ 450 ಪದ. ಇನ್ನೊಂದು ಅದರ ಅರ್ಧದಷ್ಟು, ಅದರ ಜೊತೆ ಚಾರ್ಟೋ ಟೇಬಲ್ಲೋ ಇರುತ್ತೆ. ಚಾರ್ಟ್ ಓದೋದು ಬೇರೆ ಅಭ್ಯಾಸ, ಮೇಲಿನ ಹೆಡಿಂಗ್, ಪಕ್ಕದಲ್ಲಿರೋ ಅಳತೆ, ಯಾವ ವರ್ಷದ್ದು, ಈ ಮೂರು ನೋಡಿದ ಮೇಲೆ ಒಳಗಿನ ನಂಬರ್ ನೋಡ್ಲಿ. ಐಸಿಎಸ್‌ಇಲಿ ಕಾಂಪ್ರಹೆನ್ಷನ್ ಜೊತೆಗೆ ಪದಮಿತಿ ಕೊಟ್ಟು ಸಮ್ಮರಿ ಬರೆಸ್ತಾರೆ, ಅವರಿಗೆ ಯಾವುದು ಬಿಡಬೇಕು ಅಂತ ಕಲಿಯೋದೇ ದೊಡ್ಡ ಕೆಲಸ.

ದಿನಕ್ಕೆ ಎಷ್ಟು ಪ್ಯಾಸೇಜ್ ಮಾಡ್ಬೇಕು?

ಒಂದು. ಐದು ಮಾಡಿ ಮಾರ್ಕ್ಸ್ ಹಾಕ್ಕೊಂಡು ಪುಸ್ತಕ ಮುಚ್ಚೋದಕ್ಕಿಂತ ಒಂದು ಮಾಡಿ, ತಪ್ಪಾಗಿದ್ದು ಯಾಕೆ ತಪ್ಪಾಯ್ತು ಅಂತ ಹತ್ತು ನಿಮಿಷ ಕೂತು ನೋಡೋದು ಮೇಲು. ಪದ ಗೊತ್ತಿರಲಿಲ್ವಾ, ವಾಕ್ಯ ಉಲ್ಟಾ ಓದಿದ್ನಾ, ಇಟ್ ಯಾವುದು ಅಂತ ತಿಳೀಲಿಲ್ವಾ, ಪ್ರಶ್ನೆನೇ ಸರಿಯಾಗಿ ಓದ್ಲಿಲ್ವಾ. ತಪ್ಪಿನ ಪಕ್ಕ ಕಾರಣ ಬರೀರಿ. ಹದಿನೈದು ದಿನ ಆದ ಮೇಲೆ ಆ ಪಟ್ಟಿ ನೋಡಿದ್ರೆ ಒಬ್ಬೊಬ್ಬರ ತಪ್ಪೂ ಒಂದೇ ಜಾತಿದು ಇರುತ್ತೆ. ಒಬ್ಬ ಹುಡುಗಂದು ಇಪ್ಪತ್ತು ತಪ್ಪಲ್ಲಿ ಹದಿಮೂರು ಹೌ ಅಂತ ಕೇಳಿದ್ರೆ ವೈ ಅಂತ ಓದಿ ಬರೆದಿದ್ದು. ಅವನಿಗೆ ಇಂಗ್ಲಿಷ್ ಬರ್ದೆ ಇರೋದಲ್ಲ, ಅವಸರ. ಪ್ರಶ್ನೆ ಪದಕ್ಕೆ ರೌಂಡ್ ಹಾಕೋದು ಅಭ್ಯಾಸ ಮಾಡಿಸಿದ್ಮೇಲೆ ಸರಿ ಹೋಯ್ತು.

ಓದೋಕೆ ಪ್ಯಾಸೇಜ್ ಎಲ್ಲಿ ಸಿಗ್ತವೆ? ಗೈಡ್ ತಗೊಳ್ಳೋಕೆ ದುಡ್ಡಿಲ್ಲ.

ಗೈಡ್ ಬೇಡ. ಹಳೇ ಪೇಪರ್, ಮಾಡೆಲ್ ಪೇಪರ್ ಎಲ್ಲಾ ಬೋರ್ಡಿನ ವೆಬ್‌ಸೈಟಲ್ಲಿ ಫ್ರೀ. ನಿಮ್ಮ ಶಾಲೆ ಪುಸ್ತಕ ಬಿಟ್ಟು ಎಂಟನೇ, ಒಂಬತ್ತನೇ ಕ್ಲಾಸಿನ ಇಂಗ್ಲಿಷ್ ಪುಸ್ತಕ ಮನೇಲಿ ಹಳೇದು ಇರುತ್ತಲ್ಲ, ಅದರಲ್ಲಿ ಟೀಚರ್ ಮಾಡದೆ ಬಿಟ್ಟ ಪಾಠ ಓದಿ. ಸರ್ಕಾರದ ದೀಕ್ಷಾ ಆ್ಯಪಲ್ಲೂ ಪುಸ್ತಕಗಳಿವೆ.

ನನಗೆ ಬಹಳ ಇಷ್ಟವಾದ ದಾರಿ ಇನ್ನೊಂದಿದೆ. ಮೈಸೂರಲ್ಲಿ 1978ರಿಂದ ಸ್ಟಾರ್ ಆಫ್ ಮೈಸೂರ್ ಅಂತ ಇಂಗ್ಲಿಷ್ ಸಂಜೆ ಪತ್ರಿಕೆ ಬರ್ತಿದೆ, ಅದೇ ಬಳಗದ್ದು ಕನ್ನಡದಲ್ಲಿ ಮೈಸೂರು ಮಿತ್ರ. ದಸರಾ ಆನೆಗಳು ಬಂದಿದ್ದು, ಚಾಮುಂಡಿ ಬೆಟ್ಟದ ರಸ್ತೆ, ಕಾಲುವೆಗೆ ನೀರು ಬಿಟ್ಟಿದ್ದು, ಇಂಥ ಒಂದು ಸುದ್ದಿನ ಮೊದಲು ಕನ್ನಡದಲ್ಲಿ ಓದಿ, ಆಮೇಲೆ ಅದೇ ಸುದ್ದಿ ಇಂಗ್ಲಿಷಲ್ಲಿ ಓದಿ. ವಿಷಯ ಆಗಲೇ ಗೊತ್ತಿರೋದ್ರಿಂದ ಗೊತ್ತಿಲ್ಲದ ಪದ ತಾನಾಗೇ ಬಿಡಿಸ್ಕೊಳ್ಳುತ್ತೆ. ದೊಡ್ಡ ಇಂಗ್ಲಿಷ್ ಪತ್ರಿಕೆಯ ಎಡಿಟೋರಿಯಲ್ ಓದಿ ಅಂತ ಹತ್ತನೇ ಕ್ಲಾಸ್ ಮಗುಗೆ ಹೇಳೋದು ನನಗೆ ಸರಿ ಅನ್ನಿಸಲ್ಲ, ಎರಡನೇ ದಿನಕ್ಕೆ ಬಿಟ್ಬಿಡುತ್ತೆ. ಪೇಪರ್ ಕೊಳ್ಳೋಕೆ ಆಗ್ದಿದ್ರೆ ಲೈಬ್ರರಿಗೆ ಹೋಗಿ. ಅದೂ ದೂರ ಅಂದ್ರೆ ಮನೇಲಿರೋ ಮಾತ್ರೆ ಡಬ್ಬಿ, ಗೊಬ್ಬರದ ಚೀಲ, ಮಿಕ್ಸಿ ಜೊತೆ ಬಂದ ಪುಸ್ತಕ, ಎಲ್ಲದರ ಮೇಲೂ ಇಂಗ್ಲಿಷ್ ಇದೆ.

ಫೋನಲ್ಲಿ ಫೋಟೋ ತೆಗೆದ್ರೆ ಕನ್ನಡಕ್ಕೆ ಬಂದುಬಿಡುತ್ತೆ, ಅದನ್ನ ಬಳಸಬಹುದಾ?

ಉತ್ತರ ಬರೆದ ಮೇಲೆ, ಸರಿನಾ ಅಂತ ನೋಡೋಕೆ ಬಳಸಿ. ಮೊದಲೇ ಬಳಸಿದ್ರೆ ಓದೋದು ಫೋನು, ನೀವಲ್ಲ.

ನಮಗೆ ಇಂಗ್ಲಿಷೇ ಬರಲ್ಲ, ಮಗಳಿಗೆ ಹೆಂಗೆ ಹೇಳ್ಕೊಡೋದು ಮೇಡಂ?

ಇದನ್ನ ಕೇಳಿದ ಅಮ್ಮ ಒಬ್ಬರು ಹೊಲದ ಕೆಲಸ ಮಾಡೋರು, ಓದಿರೋದು ನಾಲ್ಕನೇ ಕ್ಲಾಸು. ನಾನು ಅವರಿಗೆ ಹೇಳಿದ್ದು ಇಷ್ಟೇ: ಅಕ್ಕ, ನೀವು ಹೇಳ್ಕೊಡೋದು ಬೇಡ, ಕೇಳಿ ಸಾಕು. ರಾತ್ರಿ ಅವಳು ಪ್ಯಾಸೇಜ್ ಮುಗಿಸಿದ್ಮೇಲೆ ಎರಡು ಮಾತು ಕೇಳಿ. ಏನು ಕತೆ ಹೇಳು ಅಂತ ಒಂದು, ಈ ಉತ್ತರ ಎಲ್ಲೈತೆ ತೋರ್ಸು ಅಂತ ಒಂದು. ಅವರು ರೊಟ್ಟಿ ತಟ್ತಾ ಕೂತಿರೋವಾಗ ಮಗಳು ಪಕ್ಕದಲ್ಲಿ ಕೂತು ಕನ್ನಡದಲ್ಲಿ ಹೇಳೋಳಂತೆ, ನಡುವೆ ಅಮ್ಮ, ಅಲ್ಲ ಕಣೆ ಮಗ, ಆ ಮುದುಕ ಊರು ಬಿಟ್ಟು ಯಾಕೋದ ಅದನ್ನ ಹೇಳ್ಲೇ ಇಲ್ಲ ನೀನು ಅಂತ ಕೇಳೋರಂತೆ. ಹುಡುಗಿ ಮತ್ತೆ ಪ್ಯಾಸೇಜಿಗೆ ಹೋಗಿ ಹುಡುಕ್ಬೇಕು. ಇದಕ್ಕಿಂತ ಒಳ್ಳೆ ಇಂಗ್ಲಿಷ್ ಕ್ಲಾಸ್ ನಾನು ಮಾಡಿಲ್ಲ. ಕತೆ ಎಲ್ಲಿ ಅರ್ಧಕ್ಕೆ ನಿಂತಿದೆ ಅಂತ ಕಂಡುಹಿಡಿಯೋಕೆ ಇಂಗ್ಲಿಷ್ ಬೇಕಾಗಿಲ್ಲ.

ಪರೀಕ್ಷೆ ಹಾಲಲ್ಲಿ ಪ್ಯಾಸೇಜ್ ಮೊದಲು ಮಾಡ್ಲಾ, ಕೊನೇಲಿ ಮಾಡ್ಲಾ?

ಪ್ರಶ್ನೆಪತ್ರಿಕೆ ಓದೋಕೆ ಅಂತ ಕೊಡೋ 15 ನಿಮಿಷ ಇದೆಯಲ್ಲ, ಅದರಲ್ಲಿ ಬಹಳ ಮಕ್ಕಳು ಸುಮ್ನೆ ಪೇಜ್ ತಿರುವ್ತಾ ಯಾವ ಪಾಠದಿಂದ ಬಂದಿದೆ ಅಂತ ನೋಡಿ ಗಾಬರಿ ಆಗ್ತಾರೆ. ಪಾಠದ ಪ್ರಶ್ನೆ ಓದಿದ್ರೂ ಓದದೆ ಇದ್ರೂ ಉತ್ತರ ಬದಲಾಗಲ್ಲ, ಅದು ತಲೇಲಿದ್ರೆ ಇದೆ. ಆ ಹೊತ್ತಲ್ಲಿ ಅನ್‌ಸೀನ್ ಪ್ಯಾಸೇಜ್ ಒಂದ್ಸಲ ನಿಧಾನಕ್ಕೆ ಓದಿಬಿಡಿ. ಬರೆಯೋದು ಯಾವಾಗ ಬೇಕಾದ್ರೂ ಬರೀರಿ, ಕೊನೆ ಹತ್ತು ನಿಮಿಷಕ್ಕೆ ಮಾತ್ರ ಇಟ್ಕೋಬೇಡಿ, ಕೈ ನೋಯ್ತಿರುತ್ತೆ, ಬೆಲ್ ಹೊಡೆಯೋ ಭಯ ಇರುತ್ತೆ, ಆಗ ಕಣ್ಣು ಸಾಲಿನ ಮೇಲೆ ಓಡುತ್ತೆ ಅಷ್ಟೇ, ಒಳಗೆ ಏನೂ ಇಳಿಯಲ್ಲ.

ಇಂಗ್ಲಿಷಲ್ಲಿ ಫೇಲ್ ಆಗಿದೀನಿ. ಮತ್ತೆ ಕಟ್ಟೋಕೆ ಧೈರ್ಯ ಇಲ್ಲ.

ಕಟ್ಟು ಮಗಾ. 2024ರಿಂದ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ ಮಾಡ್ತಿದಾರೆ, ಯಾವುದರಲ್ಲಿ ಜಾಸ್ತಿ ಬಂತೋ ಆ ಮಾರ್ಕ್ಸ್ ಇಟ್ಕೋಬಹುದು, ಒಂದು ವರ್ಷ ಮನೇಲಿ ಕೂರೋ ಕಾಲ ಹೋಯ್ತು. ಎರಡನೇ ಪರೀಕ್ಷೆಗೆ ಸಿಗೋದು ಕೆಲವೇ ವಾರ, ಅಷ್ಟರಲ್ಲಿ ಪೂರ್ತಿ ಪುಸ್ತಕ ಬಾಯಿಪಾಠ ಮಾಡೋಕೆ ಹೋಗಬೇಡ. ಪದ್ಯ ಒಂದೆರಡು, ಲೆಟರ್, ಪಿಕ್ಚರ್ ನೋಡಿ ಬರೆಯೋದು, ಪ್ಯಾಸೇಜ್, ಇವನ್ನ ಗಟ್ಟಿ ಮಾಡ್ಕೋ. ಮಂಡ್ಯದಲ್ಲೋ ಹತ್ತಿರದಲ್ಲೋ ಇದ್ರೆ ಭಾನುವಾರ ಬೆಳಿಗ್ಗೆ ಹತ್ತು ಗಂಟೆ ಮೇಲೆ ವರಾಂಡಕ್ಕೆ ಬಾ, ಫೀಸ್ ಏನೂ ಬೇಡ. ಬರೋವಾಗ ಹೊಸ ಪುಸ್ತಕ ತರ್ಬೇಡ, ನೀನು ಪ್ಯಾಸೇಜ್ ಬರೆದು ತಪ್ಪಾಗಿರೋ ಹಳೇ ನೋಟ್‌ಬುಕ್ ಇರುತ್ತಲ್ಲ, ಅದನ್ನ ತಗೊಂಡು ಬಾ, ಜೊತೆಗೊಂದು ಪೆನ್ಸಿಲ್.